ಕಾಗದ ರೆಡಿ, ಗಾಡಿ ರೆಡಿನಾ?

ವಿಜಯಪುರದಾಗ ಪಿಯುಸಿ ಅಂದ್ರೆ ನಮಗೆಲ್ಲ ಗೊತ್ತಿರೋದು ಇಷ್ಟೇ: ಸೈಲೆನ್ಸರ್‌ಗೆ ಒಂದು ಪೈಪ್, ನಂಬರ್ ಪ್ಲೇಟ್‌ನ ಫೋಟೋ, ಕೈಯಾಗ ಒಂದು ಕಾಗದ. ಬಿಎಸ್-4 ಗಾಡಿಗೆ ಅದು 1 ವರ್ಷ ನಡೀತದ, ಅದಕ್ಕಿಂತ ಹಳೇದಕ್ಕೆ 6 ತಿಂಗಳು. ಈ ಕಾಗದ ಅಷ್ಟೇ ಸಾಲದು ಅನ್ನೋದು ನಮ್ಮ ವಾದ.

ಪರೀಕ್ಷೆ ಏನು ನೋಡ್ತದ? ಪೆಟ್ರೋಲ್ ಕಾರು ನಿಂತಲ್ಲೇ ಓಡುವಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಅಳೀತಾರೆ. ಬಿಎಸ್-4 ಕಾರಿಗೆ ಮಿತಿ 0.3 ಪರ್ಸೆಂಟ್ ಮತ್ತು 200 ಪಿಪಿಎಂ. ಡೀಸೆಲ್ ಆದ್ರೆ ಆಕ್ಸಿಲರೇಟರ್ ಒತ್ತಿ ಹೊಗೆ ಎಷ್ಟು ದಟ್ಟ ಅಂತ ನೋಡ್ತಾರೆ. ನೈಟ್ರೋಜನ್ ಆಕ್ಸೈಡ್ ಲೆಕ್ಕಕ್ಕೇ ಇಲ್ಲ. ದ್ರಾಕ್ಷಿ ಕ್ರೇಟ್ ಹೇರ್ಕೊಂಡು ಬಬಲೇಶ್ವರದಿಂದ ಬರುವಾಗ ಎಂಜಿನ್ ಏನು ಉಗುಳ್ತದ ಅನ್ನೋದೂ ಗೊತ್ತಾಗಲ್ಲ.

ಇದನ್ನೆಲ್ಲ ಒಳಗೆ ಕೂತು ನೋಡ್ತಾ ಇರೋದು ಕಾರಿನ ಕಂಪ್ಯೂಟರ್, ಅಂದ್ರೆ ಒಬಿಡಿ. ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಸರಿ ಇವೆಯಾ ಅಂತ ಓಡುವಾಗಲೇ ಚೆಕ್ ಮಾಡೋ ಮಾನಿಟರ್‌ಗಳು ಅದರಲ್ಲಿವೆ. ತಪ್ಪು ಕಂಡ್ರೆ ಚೆಕ್ ಎಂಜಿನ್ ಲೈಟ್ ಹತ್ತುತ್ತದೆ. ಆಗ ನಾವು ಮಾಡೋದೇನು? ಬ್ಯಾಟರಿ ವೈರ್ ತೆಗೆದು ಹಾಕಿಸೋದು. ಲೈಟ್ ಹೋಯ್ತು, ರಿಪೇರಿ ಆಯ್ತು!

ಆಗಿರಲ್ಲ. ಆಗ ಅಳಿಸಿ ಹೋಗೋದು ಕೋಡ್ ಮಾತ್ರ. ಮಾನಿಟರ್‌ಗಳು 'ನಾಟ್ ರೆಡಿ'ಗೆ ಹೋಗ್ತವೆ. ನಾಟ್ ರೆಡಿ ಅಂದ್ರೆ ಫೇಲ್ ಅಲ್ಲ, ಪೇಪರ್ ಇನ್ನೂ ವ್ಯಾಲ್ಯುಯೇಶನ್ ಆಗಿಲ್ಲ ಅಂತ. ಅಮೆರಿಕದಲ್ಲಿ 1996ರ ನಂತರದ ಕಾರುಗಳಿಗೆ ಅನೇಕ ರಾಜ್ಯಗಳು ಸ್ಕ್ಯಾನರ್ ಚುಚ್ಚಿ ಇದನ್ನೇ ನೋಡ್ತವೆ. ಹೆಚ್ಚು ಮಾನಿಟರ್ ನಾಟ್ ರೆಡಿ ಇದ್ರೆ ಗಾಡಿ ವಾಪಸ್. ಬ್ಯಾಟರಿ ಟ್ರಿಕ್ ಅಲ್ಲಿ ನಡೆಯಲ್ಲ.

ರೆಡಿ ಮಾಡೋದು ಕಷ್ಟವಲ್ಲ. ಮೊದಲು ನಿಜವಾದ ರಿಪೇರಿ: ಏರ್ ಫಿಲ್ಟರ್, ಪ್ಲಗ್, ಕೆಟ್ಟ ಸೆನ್ಸರ್. ಆಮೇಲೆ ಓಡಿಸಬೇಕು. ರಾತ್ರಿಯೆಲ್ಲ ನಿಂತು ತಣ್ಣಗಾದ ಗಾಡಿಯನ್ನ ಬೆಳಿಗ್ಗೆ ಸ್ಟಾರ್ಟ್ ಮಾಡಿ, ಒಂದೆರಡು ನಿಮಿಷ ಬಿಟ್ಟು, ಗಾಂಧಿ ಚೌಕ್‌ನ ನಿಂತು-ನಡೆಯೋ ಟ್ರಾಫಿಕ್ ದಾಟಿ, ಅಥಣಿ ರೋಡ್ ಹಿಡಿದು ತಿಕೋಟಾಗೆ ಒಂದೇ ಸ್ಪೀಡ್‌ನಲ್ಲಿ ಹೋಗಿ ಬನ್ನಿ. ರೋಡ್ ಖಾಲಿ ಇದ್ದಲ್ಲಿ ಆಕ್ಸಿಲರೇಟರ್ ಬಿಟ್ಟು ಗಾಡಿ ತಾನೇ ನಿಧಾನ ಆಗಲಿ. ಕೆಲವು ಕಾರಿಗೆ ಒಂದೇ ಟ್ರಿಪ್ ಸಾಕು, ಕೆಲವಕ್ಕೆ ನಾಲ್ಕೈದು ದಿನ ಬೇಕು. ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಒಂದು ಬ್ಲೂಟೂತ್ ಅಡಾಪ್ಟರ್ ಹಾಕಿದ್ರೆ ಮಾನಿಟರ್ ರೆಡಿ ಆಯ್ತಾ ಅಂತ ಮೊಬೈಲ್‌ನಲ್ಲೇ ಕಾಣ್ತದ.

'ಹಳೇ ಗಾಡಿ ಇರೋದು ಬಡವರ ಹತ್ರ, ಅವರ ಮೇಲೆ ಇನ್ನೊಂದು ರೂಲಾ?' ಅಂತ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಒಬಿಡಿ ಇಲ್ಲದ ಹಳೇ ಕ್ರೂಸರ್, ಟಂಟಂಗಳಿಗೆ ಇದು ಬೇಡವೇ ಬೇಡ. ಉಳಿದವರಿಗೂ ಮೊದಲ ಕೆಲವು ವರ್ಷ ದಂಡ ಬೇಡ. ಪಿಯುಸಿ ಸೆಂಟರ್‌ನಲ್ಲಿ ಸ್ಕ್ಯಾನ್ ಮಾಡಿ 'ಈ ಸೆನ್ಸರ್ ಹೋಗ್ಯಾದ ನೋಡ್ರಿ' ಅಂತ ಹೇಳಿದ್ರೂ ಸಾಕು. ಕೆಟ್ಟ ಆಕ್ಸಿಜನ್ ಸೆನ್ಸರ್ ಪೆಟ್ರೋಲ್‌ನೂ ಜಾಸ್ತಿ ಕುಡೀತದ, ಕನ್ವರ್ಟರ್‌ನೂ ಕೆಡಿಸ್ತದ. ಸಣ್ಣ ಖರ್ಚು ಮುಂದೂಡಿ ದೊಡ್ಡ ಖರ್ಚು ತಂದ್ಕೊಳ್ಳೋದೂ ಬಡವರಿಗೇ ಹೊರೆ. ಆ ಹೊಗೆ ಮೊದಲು ಸೇರೋದು ದಿನವಿಡೀ ರೋಡ್ ಪಕ್ಕ ಕೂತು ವ್ಯಾಪಾರ ಮಾಡೋರ ಎದೆಗೆ.

ರೂಲ್ ಬರೋವರೆಗೆ ನಾವು ಕಾಯಬೇಕಾ? ಇಂಜಿನಿಯರಿಂಗ್ ಓದ್ತಿದೀವಿ. ತಿಂಗಳಿಗೊಂದು ಭಾನುವಾರ ಕಾಲೇಜ್ ಗೇಟ್ ಹತ್ರ ಫ್ರೀ ಸ್ಕ್ಯಾನ್ ಇಡೋಣ. ಕೋಡ್ ಓದಿ, ಅದರ ಅರ್ಥವನ್ನ ಕನ್ನಡದಲ್ಲಿ ಬರೆದು ಮಾಲೀಕರ ಕೈಗೆ ಕೊಡೋಣ. ಅಳಿಸೋದು ಮಾತ್ರ ಬೇಡ.