ಬಯಲಿನ ಕಂಬಳಿ, ಮಲೆನಾಡಿನ ಮಳೆ

ಬೆಟ್ಟದ ಜನರ ಕೈಮಗ್ಗದ ಬಟ್ಟೆ ಎಂದ ಕೂಡಲೇ ನೆನಪಾಗುವುದು ನಾಗಾಲ್ಯಾಂಡಿನ ಶಾಲು, ಕುಲ್ಲುವಿನ ಶಾಲು. ಅಲ್ಲಿ ಹೊದೆಯುವವರ ಊರಲ್ಲೇ ಮಗ್ಗವೂ ಇದೆ. ಚಿಕ್ಕಮಗಳೂರು ಬಳಿಯ ಆಲ್ದೂರಿನ ಸುತ್ತಲ ಕಾಫಿ ಮಲೆಯಲ್ಲಿ ಅಂಥದ್ದನ್ನು ಹುಡುಕಿದರೆ ಸಿಗುವುದು ಕರಿ ಕಂಬಳಿ. ಅದನ್ನು ನೇಯ್ದವರು ಮಾತ್ರ ಮಲೆನಾಡಿನವರಲ್ಲ. ಬಯಲುಸೀಮೆಯ, ಅದರಲ್ಲೂ ಚಳ್ಳಕೆರೆ ಕಡೆಯ ಕುರುಬರು. ಹಾಗಾದರೆ ಈ ಬಟ್ಟೆ ಯಾರದು? ನೇಯ್ದವರದೋ, ಹೊದ್ದವರದೋ? ಇಬ್ಬರದೂ ಹೌದೆನ್ನುತ್ತೇನೆ. ಹೊದೆಯುವವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನೇಯುವವರನ್ನು ಉಳಿಸಲು ಹೊರಟರೆ ಕೆಲಸ ಕೆಡುತ್ತದೆ.

ಮಲೆನಾಡಿನ ಮಳೆಗೆ ಕುರಿ ಬಾಳುವುದಿಲ್ಲ. ತಿಂಗಳುಗಟ್ಟಲೆ ಒದ್ದೆ ನೆಲದಲ್ಲಿ ನಿಂತರೆ ಗೊರಸು ಕೊಳೆಯುತ್ತದೆ. ಉಣ್ಣೆಯ ಕುರಿಗೆ ಒಣ ನೆಲ, ಕುರುಚಲು ಹುಲ್ಲು ಬೇಕು. ಹೀಗಾಗಿ ಮಳೆಗೆ ಹೊದೆಯುವ ಬಟ್ಟೆ ಮಳೆಯೇ ಅಪರೂಪವಾದ ಸೀಮೆಯಿಂದ ಬಂತು. ರಾಜ್ಯದ ತೀರಾ ಒಣ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಅಲ್ಲಿನ ಮಗ್ಗಕ್ಕೆ ಇಲ್ಲಿನ ಆಷಾಢ ಕೆಲಸ ಕೊಡುತ್ತಿತ್ತು.

ಕಂಬಳಿಯನ್ನು ಹತ್ತಿರದಿಂದ ನೋಡಿದರೆ ಎಷ್ಟು ಕೈ ದಾಟಿ ಬಂದಿದೆ ಎಂದು ತಿಳಿಯುತ್ತದೆ. ಕುರಿಗಾಹಿ ವರ್ಷಕ್ಕೆರಡು ಸಲ ಉಣ್ಣೆ ಕತ್ತರಿಸುತ್ತಾನೆ. ಮನೆಯ ಹೆಂಗಸರು ಅದನ್ನು ಬಿಡಿಸಿ ನೂಲುತ್ತಾರೆ. ಹುಣಸೆ ಬೀಜವನ್ನು ಅರೆದು ಕುದಿಸಿದ ಗಂಜಿಯನ್ನು ಹಾಸಿನ ಎಳೆಗಳಿಗೆ ಬಳಿದು ಬಿಸಿಲಿಗೆ ಒಣಗಿಸುತ್ತಾರೆ. ಆಮೇಲೆ ಗುಂಡಿಮಗ್ಗದಲ್ಲಿ ನೇಯ್ಗೆ. ಹೊಸ ಕಂಬಳಿ ಸೆಟೆದುಕೊಂಡಿರುವುದು ಆ ಗಂಜಿಯಿಂದ. ನಾಲ್ಕು ಮಳೆ ಕಂಡ ಮೇಲೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ದಟ್ಟವಾಗುತ್ತದೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗ ತೇವ ಹೀರಿದರೂ ಉಣ್ಣೆ ಮೈಗೆ ಒದ್ದೆ ಎನಿಸುವುದಿಲ್ಲ. ಗದ್ದೆಗೆ, ತೋಟಕ್ಕೆ ಹೋಗುವವನು ಅದನ್ನೇ ಮಡಚಿ ತಲೆಗೆ ಕೊಪ್ಪೆ ಹಾಕಿಕೊಳ್ಳುತ್ತಿದ್ದ. ರಾತ್ರಿ ಅದೇ ಹಾಸಿಗೆ, ಅದೇ ಹೊದಿಕೆ.

1951ರ ತೋಟ ಕಾರ್ಮಿಕರ ಕಾಯ್ದೆಯ 17ನೇ ಕಲಮು ಮಳೆ, ಚಳಿಯಿಂದ ಕಾಪಾಡಿಕೊಳ್ಳಲು ಕಾರ್ಮಿಕರಿಗೆ ಛತ್ರಿ, ಕಂಬಳಿ, ರೈನ್‌ಕೋಟು ಕೊಡುವಂತೆ ಮಾಲೀಕರಿಗೆ ಹೇಳುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತ್ತು. ಕಾನೂನಿನ ಕಣ್ಣಲ್ಲೂ ಹೊದಿಕೆ ಕೆಲಸದ ಸಲಕರಣೆಯೇ ಆಗಿತ್ತೆಂಬುದು ನನಗೆ ಮುಖ್ಯ.

ಪ್ಲಾಸ್ಟಿಕ್ ಬಂದು ಕಂಬಳಿಯನ್ನು ಸರಿಸಿತು. ಸರಿಸಿದ್ದು ಅನ್ಯಾಯವೆಂದು ನಾನು ಹೇಳಲಾರೆ. ನೆನೆದ ಕಂಬಳಿ ಹೆಣಭಾರ. ಒಣಗಲು ಒಲೆಯ ಮೇಲಿನ ಅಟ್ಟವೇ ಬೇಕು. ಕಳೆ ತೆಗೆಯುವ ಹೆಂಗಸು ಹಗುರವಾದ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡರೆ ಅವಳ ಬೆನ್ನಿಗೆ ಒಳ್ಳೆಯದು. ಪರಂಪರೆಯ ಹೆಸರಿನಲ್ಲಿ ಆ ಭಾರವನ್ನು ಮತ್ತೆ ಅವಳ ಮೇಲೆ ಹೊರಿಸುವ ಹಕ್ಕು ಯಾರಿಗೂ ಇಲ್ಲ.

ಆದರೆ ಮಳೆಯ ಕೆಲಸ ಹೋದ ಕೂಡಲೇ ಕಂಬಳಿಯನ್ನು ಗೋಡೆಗೇರಿಸಿದ್ದು ತಪ್ಪು. ಕರಕುಶಲ ಎಂದರೆ ನಮಗೆ ಪ್ರದರ್ಶನ, ಭೌಗೋಳಿಕ ಸೂಚಕ (ಜಿಐ) ಮಾನ್ಯತೆ, ಮಗ್ಗದ ತರಬೇತಿ. ನೀಲಗಿರಿಯ ತೋಡರ ಕಸೂತಿಗೆ 2013ರಲ್ಲಿ ಆ ಮಾನ್ಯತೆ ಸಿಕ್ಕಿತು. ತೋಡರು ನೇಯುವವರಲ್ಲ, ಹೊರಗಿನಿಂದ ತಂದ ಬಟ್ಟೆಯ ಮೇಲೆ ಕಸೂತಿ ಹಾಕುವವರು. ಅವರ ಕಸೂತಿ ಶಾಲು ಪೂತುಕುಳಿ ಇಂದಿಗೂ ಬದುಕಿರುವುದಕ್ಕೆ ದೊಡ್ಡ ಕಾರಣ ಅವರೇ ಅದನ್ನು ಹೊದೆಯುತ್ತಿರುವುದು. ಕಂಬಳಿಯ ವಿಷಯದಲ್ಲಿ ಮಗ್ಗಕ್ಕೂ ಮೊದಲು ಉಣ್ಣೆಯ ಚಿಂತೆಯಾಗಬೇಕು. ಕತ್ತರಿಸುವ ಕೂಲಿಯೂ ಹುಟ್ಟದ ಉಣ್ಣೆಗಿಂತ ಮಾಂಸವೇ ಲಾಭವೆಂದು ಕುರಿಗಾಹಿಗಳು ಉಣ್ಣೆಯಿಲ್ಲದ ತಳಿಗಳ ಕಡೆ ಹೊರಳುತ್ತಿದ್ದಾರೆ. ಕರಿ ಉಣ್ಣೆಯ ದಖ್ಖನಿ ಕುರಿಯೇ ಕಡಿಮೆಯಾದರೆ ತರಬೇತಿ ಪಡೆದ ನೇಕಾರ ಏನನ್ನು ನೇಯಬೇಕು?

ಉಣ್ಣೆಗೆ ಬೆಲೆ ಬರಬೇಕಾದರೆ ಕಂಬಳಿ ಕೊಳ್ಳುವವರು ಬೇಕು. ಅವರು ನಮ್ಮ ನಡುವೆಯೇ ಇದ್ದಾರೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಹೋಂಸ್ಟೇಗಳ ಮಂಚಗಳ ಮೇಲೆ ಪಾಲಿಯೆಸ್ಟರ್ ಹೊದಿಕೆಗಳಿವೆ. ಕಂಬಳಿ ಚುಚ್ಚುತ್ತದೆ, ನಿಜ. ಹೊದೆಯಲು ಆಗದಿದ್ದರೆ ಹಾಸಿಗೆಯಡಿಗೆ, ನೆಲಹಾಸಿಗೆ, ಜಗಲಿಯ ಕೂರುಮಣೆಗೆ ಅದಕ್ಕಿಂತ ಗಟ್ಟಿಯಾದದ್ದು ಯಾವುದಿದೆ? ಡಿಸೆಂಬರಿನಲ್ಲಿ ಕಾಫಿ ಹಣ್ಣು ಕೊಯ್ಯುವ ಹೊತ್ತಿಗೆ ಕಾರ್ಮಿಕರ ಲೈನಿನ ಮನೆಗಳಿಗೂ ಅದು ಬೇಕು. ನೆರಳಿನಲ್ಲಿ ಬೆಳೆದ ಕಾಫಿಗೆ ಹೆಚ್ಚು ಬೆಲೆ ಕೇಳುವ ಬೆಳೆಗಾರರು ಕಂಬಳಿ ಕೊಳ್ಳುವಾಗಲೂ ಅದೇ ನ್ಯಾಯದಿಂದ ಬೆಲೆ ಕೊಡಬೇಕು. ಹಬ್ಬದ ವಾರ ಬಂದು ಎರಡು ಕಂಬಳಿ ಒಯ್ದರೆ ಸಾಲದು. ಉಣ್ಣೆ ಕತ್ತರಿಸುವ ಮೊದಲೇ ಇಷ್ಟು ಬೇಕೆಂದು ಹೇಳಿ, ಮುಂಗಡ ಕೊಟ್ಟು, ನೂಲುವ ಹೆಂಗಸರ ಕೂಲಿಯನ್ನು ಬೆಲೆಯಲ್ಲಿ ಬೇರೆಯಾಗಿ ತೋರಿಸುವಂತೆ ಕೇಳಬೇಕು.