ನಾಲಗೆಯ ಸಾಕ್ಷ್ಯ

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬುದು ನಮ್ಮ ಹಿರಿಯರ ಮಾತು. ತಿನ್ನುವ, ಕುಡಿಯುವ ವಿಷಯದಲ್ಲಿ ಒಬ್ಬರ ಮೆಚ್ಚುಗೆಯನ್ನು ಮತ್ತೊಬ್ಬರು ಪ್ರಶ್ನಿಸಲಾಗದೆಂಬುದು ಅದರ ಇಂಗಿತ. ತನ್ನ ಮನೆಯ ಎಲೆಯ ಮುಂದೆ ಕುಳಿತವನಿಗೆ ಈ ಮಾತು ಒಪ್ಪುವುದು. ಆದರೆ ಒಬ್ಬನು ತಾನು ಸವಿದ ಪದಾರ್ಥಕ್ಕೆ ಹತ್ತರಲ್ಲಿ ಇಷ್ಟು ಎಂದು ಅಂಕವನ್ನಿತ್ತು, ಅದನ್ನು ನಾಲ್ಕು ಜನರೆದುರಿಗೆ ಸಾರಿದೊಡನೆ ಅವನ ರುಚಿ ಖಾಸಗಿ ಸಂಗತಿಯಾಗಿ ಉಳಿಯುವುದಿಲ್ಲ, ಅದೊಂದು ಅಳತೆಯಾಗುತ್ತದೆ. ಅಳತೆಯೆಂದ ಮೇಲೆ, ಅಳತೆಗೋಲು ಸರಿಯಾಗಿದೆಯೆ, ಅಳೆದವನ ಕೈ ನಡುಗಿತೆ, ಮತ್ತೊಮ್ಮೆ ಅಳೆದರೆ ಅದೇ ಫಲ ದೊರೆಯುವುದೆ ಎಂದು ಕೇಳುವ ಹಕ್ಕು ಎಲ್ಲರಿಗೂ ಉಂಟು.

ಈ ಪ್ರಶ್ನೆಯನ್ನು ಈಗ ಎತ್ತಲು ಕಾರಣವಿದೆ. ೨೦೧೦ರ ಸುಮಾರಿನಿಂದ ಬೆಂಗಳೂರಿನಲ್ಲಿ ಬ್ರೂಪಬ್ ಎಂಬ ಹೊಸ ಬಗೆಯ ಪಾನಗೃಹಗಳು ತಲೆಯೆತ್ತಿವೆ. ಇಲ್ಲಿ ಬೀರನ್ನು ತಯಾರಿಸುವುದೂ ಮಾರುವುದೂ ಒಂದೇ ಸೂರಿನಡಿ ನಡೆಯುತ್ತದೆ. ಹಲಗೆಯೊಂದರ ಮೇಲೆ ನಾಲ್ಕಾರು ಪುಟ್ಟ ಲೋಟಗಳನ್ನಿಟ್ಟು ಬಗೆಬಗೆಯ ಬೀರುಗಳನ್ನು ಸವಿಯಲು ಕೊಡುವರು. ಸವಿದವರು ಅಂಕಗಳನ್ನು ಕೊಡುವರು. ದೊಡ್ಡ ಕಾರ್ಖಾನೆಯಲ್ಲಿ ಸರಕಿನ ಗುಣವನ್ನು ಪರೀಕ್ಷಿಸಲು ಅನಿಲ ವರ್ಣರೇಖಕವೇ ಮೊದಲಾದ ಬೆಲೆಬಾಳುವ ಯಂತ್ರಗಳಿರುತ್ತವೆ. ಕಿರಿಯ ತಯಾರಕನಿಗೆ ಇರುವ ಪ್ರಯೋಗಶಾಲೆ ಬಹುಮಟ್ಟಿಗೆ ಮೂಗು ಮತ್ತು ನಾಲಗೆ ಎರಡೇ. ಆದುದರಿಂದ ಇವುಗಳ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ಕೇವಲ ವಿನೋದದ ಚರ್ಚೆಯಲ್ಲ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುವೆವು. ಪಾನವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಮದ್ಯಸಾರದ ಪಾನೀಯಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ೧೯೮೮ರಲ್ಲಿಯೇ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿದೆ. ಅಪಾಯವೇ ಇಲ್ಲದ ಪ್ರಮಾಣವೆಂಬುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರಲ್ಲಿ ತಿಳಿಸಿದೆ. ಕುಡಿಯದವರು ಕುಡಿಯಲೆಂದು ನಾವು ಹೇಳುವುದಿಲ್ಲ. ಪರೀಕ್ಷೆಗೆ ಬೇಕಾದುದೂ ಅಲ್ಪವೇ. ಒಂದೊಂದು ಬಗೆಗೂ ನಾಲ್ಕಾರು ಗುಟುಕು ಸಾಕು. ಮತ್ತೇರಿದ ಪರೀಕ್ಷಕನು ಪರೀಕ್ಷಕನೇ ಅಲ್ಲ.

ರುಚಿಯೆಂದು ನಾವು ಕರೆಯುವುದರಲ್ಲಿ ಬಹುಭಾಗ ವಾಸನೆಯೇ ಆಗಿದೆ. ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಮೂಗನ್ನು ಬಿಗಿಯಾಗಿ ಹಿಡಿದುಕೊಂಡು ಒಂದು ಏಲಕ್ಕಿಯ ಕಾಳನ್ನು ಅಗಿಯಿರಿ. ತುಸು ಕಹಿ, ತುಸು ಚುರುಕು, ಇಷ್ಟೇ ತಿಳಿದೀತು. ಹಿಡಿತವನ್ನು ಸಡಿಲಿಸಿದೊಡನೆ ಏಲಕ್ಕಿಯು ಏಲಕ್ಕಿಯಾಗುತ್ತದೆ. ಬಾಯೊಳಗಿನ ಪರಿಮಳವು ಗಂಟಲಿನ ಹಿಂಬದಿಯಿಂದ ಮೇಲೇರಿ ಮೂಗನ್ನು ಮುಟ್ಟಿತೆಂಬುದೇ ಇದರ ರಹಸ್ಯ. ನಾಲಗೆಯು ಸಿಹಿ, ಹುಳಿ, ಉಪ್ಪು, ಕಹಿ, ಮಾಂಸರಸದಂತಹ ಉಮಾಮಿ ಎಂಬ ಕೆಲವನ್ನು ಮಾತ್ರ ಬಲ್ಲುದು. ಉಳಿದ ಸೂಕ್ಷ್ಮಗಳೆಲ್ಲ ಮೂಗಿನ ಸಂಪತ್ತು. ಮಂಜಿನಷ್ಟು ತಣ್ಣಗಿರುವ ಬೀರಿನಿಂದ ಪರಿಮಳದ ಕಣಗಳು ಸರಿಯಾಗಿ ಮೇಲೇಳಲಾರವಾದ್ದರಿಂದ ಅತಿಶೀತವು ಗುಣವನ್ನೂ ದೋಷವನ್ನೂ ಒಟ್ಟಿಗೆ ಮುಚ್ಚಿಬಿಡುತ್ತದೆ.

ನಾಲಗೆಗಳೂ ಒಂದೇ ಅಚ್ಚಿನಲ್ಲಿ ಎರಕವಾದವಲ್ಲ. ಅಮೆರಿಕದ ರಸಾಯನ ವಿಜ್ಞಾನಿ ಆರ್ಥರ್ ಫಾಕ್ಸ್ ಎಂಬಾತನು ೧೯೩೦ರ ದಶಕದ ಆರಂಭದಲ್ಲಿ ಒಂದು ವಿಚಿತ್ರವನ್ನು ಕಂಡನು. ಫಿನೈಲ್ ಥಯೋಕಾರ್ಬಮೈಡ್ ಎಂಬ ಪುಡಿಯು ಕೆಲವರಿಗೆ ವಿಪರೀತ ಕಹಿ, ಮತ್ತೆ ಕೆಲವರಿಗೆ ರುಚಿಯೇ ಇಲ್ಲ. ಇದು ಅನುವಂಶಿಕವೆಂದು ಬೇಗನೆ ತಿಳಿಯಿತು. ಕಾರಣವಾದ ಜೀನು ೨೦೦೩ರಲ್ಲಿ ಗೊತ್ತಾಯಿತು. ಕಹಿಯನ್ನು ಅರಿಯುವ ಗ್ರಾಹಕಗಳು ಮನುಷ್ಯನಲ್ಲಿ ಸುಮಾರು ೨೫ ಬಗೆಯವಾಗಿದ್ದು, ಅವುಗಳ ಚುರುಕು ಒಬ್ಬರಿಂದೊಬ್ಬರಿಗೆ ಬೇರೆಯಾಗಿರುವುದು. ಹೀಗಿರುವಲ್ಲಿ ಒಬ್ಬ ರಸಿಕನು, ಅವನೆಷ್ಟೇ ಹೆಸರಾಂತವನಾಗಿರಲಿ, ತನ್ನೊಂದು ನಾಲಗೆಯನ್ನೇ ಲೋಕದ ಮಾನದಂಡವೆಂದು ಹಿಡಿಯುವುದು ಸಲ್ಲದು.

ಹಾಗಾದರೆ ರುಚಿಪರೀಕ್ಷೆಯೇ ನಿರರ್ಥಕವೆ? ಖಂಡಿತವಾಗಿ ಅಲ್ಲ. “ಇಷ್ಟವಾಯಿತೆ?” ಎಂಬ ಪ್ರಶ್ನೆಯನ್ನು ಬದಿಗಿಟ್ಟು “ಇದರಲ್ಲಿ ಏನಿದೆ, ಅದು ಎಲ್ಲಿಂದ ಬಂತು?” ಎಂದು ಕೇಳಿದರೆ ಮೂಗು ಅದ್ಭುತವಾದ ಉಪಕರಣವೆಂಬುದು ಕಂಡುಬರುತ್ತದೆ.

ಬೆಣ್ಣೆಯ ವಾಸನೆಯನ್ನು ತೆಗೆದುಕೊಳ್ಳೋಣ. ಅದನ್ನುಂಟುಮಾಡುವುದು ಡೈಅಸಿಟೈಲ್ ಎಂಬ ವಸ್ತು. ತಿಳಿಯಾದ ಲಾಗರ್ ಬೀರಿನಲ್ಲಿ ಲೀಟರಿಗೆ ಸುಮಾರು ಒಂದು ಮಿಲಿಗ್ರಾಮಿನ ಹತ್ತನೆಯ ಒಂದು ಪಾಲಿದ್ದರೂ ಪಳಗಿದ ಮೂಗು ಅದನ್ನು ಹಿಡಿಯಬಲ್ಲುದು. ಹುದುಗುವಾಗ ಯೀಸ್ಟ್ ಕಣಗಳು ಹೊರಬಿಡುವ ಆಮ್ಲವೊಂದು ಬೀರಿನಲ್ಲಿ ಡೈಅಸಿಟೈಲಾಗಿ ಮಾರ್ಪಡುವುದು. ಕೆಲವು ದಿನ ಕಾದರೆ ಅದೇ ಯೀಸ್ಟ್ ಅದನ್ನು ಮತ್ತೆ ಹೀರಿ ಇಲ್ಲವಾಗಿಸುತ್ತದೆ. ಕಿರಿಯ ಪಬ್ಬಿನಲ್ಲಿ ತೊಟ್ಟಿಗಳು ಕೆಲವೇ; ವಾರಾಂತ್ಯಕ್ಕೆ ಗಿರಾಕಿಗಳು ಬಹಳ. ಅವಸರದಲ್ಲಿ ಬೀರನ್ನು ಬೇಗ ಇಳಿಸಿದರೆ ಬೆಣ್ಣೆಯ ವಾಸನೆ ಲೋಟಕ್ಕೆ ಬರುತ್ತದೆ. ನಲ್ಲಿಯ ಕೊಳವೆಗಳನ್ನು ತೊಳೆಯದೆ ಬಿಟ್ಟು ಬ್ಯಾಕ್ಟೀರಿಯಗಳು ಬೆಳೆದರೂ ಇದೇ ವಾಸನೆ, ಆಗ ಹುಳಿಯ ಜೊತೆಗೆ. ಹೀಗೆ ಒಂದು ಗುಟುಕು ಕೊಠಡಿಯೊಳಗಿನ ಆತುರವನ್ನೂ ಅಶುಚಿಯನ್ನೂ ಹೊರಗೆಡಹಬಲ್ಲುದು. ಬೇಯಿಸಿದ ಮುಸುಕಿನ ಜೋಳದ ವಾಸನೆಯಿದ್ದರೆ ಡೈಮೀಥೈಲ್ ಸಲ್ಫೈಡನ್ನು ಸಂದೇಹಿಸಬೇಕು. ಮೊಳೆತ ಬಾರ್ಲಿಯ ಕಷಾಯವನ್ನು ತೆರೆದ ಪಾತ್ರೆಯಲ್ಲಿ ಚೆನ್ನಾಗಿ ಕುದಿಸಿ ಆವಿಯನ್ನು ಹೋಗಗೊಡಲಿಲ್ಲವೆಂದು ಅದರ ಅರ್ಥವಾಗಿರಬಹುದು. ಹಾಪ್ ಹೂವಿನ ಕಹಿ ಪದಾರ್ಥಗಳ ಮೇಲೆ ಬಿಸಿಲು ಬಿದ್ದರೆ ಸ್ಕಂಕ್ ಎಂಬ ಪ್ರಾಣಿಯ ದುರ್ಗಂಧವನ್ನು ಹೋಲುವ ಗಂಧಕದ ಸಂಯುಕ್ತವು ಹುಟ್ಟುವುದು. ಲೀಟರಿಗೆ ಕೆಲವೇ ನ್ಯಾನೊಗ್ರಾಮುಗಳು ಸಾಕು. ನ್ಯಾನೊಗ್ರಾಮೆಂದರೆ ಗ್ರಾಮಿನ ನೂರು ಕೋಟಿಯ ಒಂದು ಪಾಲು. ಮಹಡಿಯ ಬಿಸಿಲಿನಲ್ಲಿಟ್ಟ ಲೋಟದಲ್ಲಿ ಇದು ಕೆಲವು ನಿಮಿಷಗಳ ಕೆಲಸ. ಆ ತಪ್ಪು ಲೋಟವನ್ನು ಅಲ್ಲಿಟ್ಟವನದು, ತಯಾರಕನದಲ್ಲ.

ಒಂದೆಡೆ ದೋಷವಾದುದು ಇನ್ನೊಂದೆಡೆ ಗುಣವಾಗುವುದೂ ಉಂಟು. ಬಾಳೆಹಣ್ಣಿನ ಮತ್ತು ಲವಂಗದ ವಾಸನೆಗಳು ಜರ್ಮನಿಯ ಬವೇರಿಯ ಪ್ರಾಂತದ ಗೋಧಿಬೀರಿಗೆ ಭೂಷಣ. ಲಾಗರಿನಲ್ಲಿ ಅವೇ ಕುಂದು. ಆದುದರಿಂದ ಯಾವ ಬಗೆಯದೆಂದು ತಿಳಿಯದೆ ಬೀರಿಗೆ ಅಂಕ ಕೊಡುವುದು ರಾಗವನ್ನರಿಯದೆ ಗಾಯಕನ ಸ್ವರವನ್ನು ತಪ್ಪೆಂದಂತೆ. ೧೯೮೫ರಲ್ಲಿ ಅಮೆರಿಕದಲ್ಲಿ ಆರಂಭವಾದ ಬೀರ್ ಪರೀಕ್ಷಕರ ಪ್ರಮಾಣೀಕರಣ ವ್ಯವಸ್ಥೆಯಲ್ಲಿ ಒಟ್ಟು ೫೦ ಅಂಕಗಳು: ವಾಸನೆಗೆ ೧೨, ನೋಟಕ್ಕೆ ೩, ರುಚಿಗೆ ೨೦, ಬಾಯಿಯ ಅನುಭವಕ್ಕೆ ೫, ಒಟ್ಟಾರೆ ಭಾವನೆಗೆ ೧೦. ನೋಟಕ್ಕೆ ಕೇವಲ ಮೂರೇ ಎಂಬುದನ್ನು ವಾಚಕರು ಗಮನಿಸಬೇಕು. ಏಕೆಂದರೆ ಕಣ್ಣಿನಷ್ಟು ಮೋಸಗೊಳಿಸುವ ಸಾಕ್ಷಿ ಬೇರೆಯಿಲ್ಲ.

ಇದಕ್ಕೆ ನಿದರ್ಶನಗಳಿವೆ. ೨೦೦೧ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರಯೋಗವೊಂದರಲ್ಲಿ ಬೋರ್ಡೋದ ೫೪ ಮಂದಿ ವಿದ್ಯಾರ್ಥಿಗಳಿಗೆ ಬಿಳಿಯ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣವನ್ನು ಬೆರೆಸಿ ಕೊಟ್ಟರು. ಅವರು ವೈನ್ ಶಾಸ್ತ್ರವನ್ನೇ ಓದುತ್ತಿದ್ದವರು. ಆದರೂ ಕೆಂಪು ವೈನಿಗೆ ಸಲ್ಲುವ ಮಾತುಗಳಿಂದಲೇ ಅದನ್ನು ಬಣ್ಣಿಸಿದರು. ಅಮೆರಿಕದ ಆಲಿಸನ್ ಮತ್ತು ಊಲ್ ಎಂಬವರು ೧೯೬೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೀಟಿಯಿಲ್ಲದ ಸೀಸೆಗಳನ್ನು ಕೊಟ್ಟಾಗ ಬೀರು ಕುಡಿಯುವವರು ತಮ್ಮ ಮೆಚ್ಚಿನ ಕಂಪೆನಿಯ ಬೀರನ್ನು ಗುರುತಿಸಲಾರದೆ ಹೋದರು. ಚೀಟಿ ಅಂಟಿಸಿ ಕೊಟ್ಟಾಗ ಮಾತ್ರ ಅದಕ್ಕೆ ಹೆಚ್ಚು ಅಂಕಗಳು ಬಂದವು. ೨೦೦೬ರಲ್ಲಿ ಲೀ, ಫ್ರೆಡೆರಿಕ್ ಮತ್ತು ಏರಿಯಲಿ ಎಂಬವರು ಬೀರಿಗೆ ಕೆಲವು ಹನಿ ದ್ರಾಕ್ಷಿ ವಿನಿಗರ್ ಬೆರೆಸಿದರು. ಕುಡಿಯುವ ಮೊದಲೇ ವಿಷಯವನ್ನು ತಿಳಿದವರು ಮುಖ ಸಿಂಡರಿಸಿದರು. ಕುಡಿದ ಅನಂತರ ತಿಳಿದವರ ಮೆಚ್ಚುಗೆಯಾದರೋ, ಏನನ್ನೂ ತಿಳಿಯದವರಿಗಿಂತ ಗಮನಾರ್ಹವಾಗಿ ಕುಗ್ಗಲಿಲ್ಲ. ನಿರೀಕ್ಷೆಯು ತೀರ್ಪಿನ ಮೇಲೆ ಮಾತ್ರವಲ್ಲ, ಅನುಭವದ ಮೇಲೆಯೇ ಕೈಯಾಡಿಸುತ್ತದೆಂದು ಇದರಿಂದ ತೋರುತ್ತದೆ.

ಇಂತಹ ಮನಸ್ಸನ್ನು ಹೊತ್ತ ಮನುಷ್ಯನು, ಗೋಡೆಯ ಮೇಲಿನ ಅಲಂಕಾರವನ್ನೂ ಬೆಲೆಪಟ್ಟಿಯನ್ನೂ ಗೆಳೆಯನ ಮುಖವನ್ನೂ ನೋಡುತ್ತ ಕೊಟ್ಟ ಅಂಕಕ್ಕೆ ಏನು ಬೆಲೆ? ಬಹಳ ಅಲ್ಪವೆಂದೇ ನಮ್ಮ ಅಭಿಪ್ರಾಯ. ಪರಿಹಾರವು ಕಷ್ಟವಾದುದಲ್ಲ, ವೆಚ್ಚದ್ದೂ ಅಲ್ಲ. ಪರೀಕ್ಷೆಯು ಕುರುಡಾಗಿರಬೇಕು, ಎಂದರೆ ಲೋಟದಲ್ಲಿರುವುದು ಏನೆಂದು ಸವಿಯುವವನಿಗೆ ತಿಳಿಯಬಾರದು. ೧೯೪೦ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬೀರುಗೃಹದಲ್ಲಿ ಬಳಕೆಗೆ ಬಂದ ತ್ರಿಕೋನ ಪರೀಕ್ಷೆ ಎಂಬುದು ಇದರ ಸರಳ ರೂಪ. ಮೂರು ಲೋಟಗಳು, ಎರಡರಲ್ಲಿ ಒಂದೇ ಬೀರು, ಒಂದರಲ್ಲಿ ಬೇರೆ. ಬೇರೆಯಾದುದು ಯಾವುದೆಂದು ಹೇಳಬೇಕು. ಕಣ್ಣು ಮುಚ್ಚಿ ಊಹಿಸಿದರೂ ಮೂವರಲ್ಲಿ ಒಬ್ಬನ ಉತ್ತರ ಸರಿಯಾದೀತು. ಆದುದರಿಂದ ಹನ್ನೆರಡು ಮಂದಿಯಲ್ಲಿ ನಾಲ್ವರು ಸರಿಯೆಂದ ಮಾತ್ರಕ್ಕೆ ಏನೂ ಸಿದ್ಧವಾಗದು. ಎಂಟು ಮಂದಿ ಸರಿಯಾಗಿ ಹೇಳಿದರೆ ಮಾತ್ರ, ಬರಿಯ ಊಹೆಯಿಂದ ಹಾಗಾಗುವ ಸಂಭವ ನೂರಕ್ಕೆ ಎರಡಕ್ಕಿಂತ ಕಡಿಮೆಯಾದುದರಿಂದ, ಎರಡು ಬೀರುಗಳಲ್ಲಿ ನಿಜವಾದ ವ್ಯತ್ಯಾಸವಿದೆಯೆಂದು ನಂಬಬಹುದು. ಏಳು ಮಂದಿಯಾದರೆ ಆ ಸಂಭವ ನೂರಕ್ಕೆ ಆರನ್ನು ಮೀರುತ್ತದೆ. ಆಗ ಇನ್ನೊಮ್ಮೆ ಪರೀಕ್ಷಿಸುವುದು ಲೇಸು.

ಹೀಗೆ ಅಲ್ಪ ಸಂಖ್ಯೆಗಳಿಂದ ದೃಢವಾದ ನಿರ್ಣಯಕ್ಕೆ ಬರುವ ಗಣಿತಕ್ಕೂ ಬೀರಿಗೂ ಹಳೆಯ ನಂಟು. ೧೮೯೯ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಬೀರುಗೃಹವನ್ನು ಸೇರಿದ ವಿಲಿಯಂ ಸೀಲಿ ಗಾಸೆಟ್ ಎಂಬ ತರುಣನಿಗೆ ಬಾರ್ಲಿ ಹಾಪ್‌ಗಳ ವಿಷಯದಲ್ಲಿ ಕೆಲವೇ ಅಳತೆಗಳಿಂದ ತೀರ್ಮಾನಿಸಬೇಕಾದ ಕಷ್ಟ ಎದುರಾಯಿತು. ಆತನು ೧೯೦೮ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಪ್ರಕಟಿಸಿದ ವಿಧಾನವನ್ನು ಇಂದು ವೈದ್ಯರೂ ಕೃಷಿ ವಿಜ್ಞಾನಿಗಳೂ ಜಗತ್ತಿನೆಲ್ಲೆಡೆ ಬಳಸುತ್ತಾರೆ. ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿಯೇ ಸೋರೆನ್ಸನ್ ೧೯೦೯ರಲ್ಲಿ ಆಮ್ಲತೆಯ ಪಿಎಚ್ ಮಾನವನ್ನು ರೂಪಿಸಿದನು. ಬೀರಿನವರಿಂದ ವಿಜ್ಞಾನಕ್ಕೆ ಇಷ್ಟು ಸಂದಿರುವಾಗ ವಿಜ್ಞಾನದಿಂದ ತುಸುವನ್ನು ಮರಳಿ ಪಡೆಯಲು ನಮ್ಮ ಕಿರಿಯ ತಯಾರಕರು ಸಂಕೋಚಪಡಬೇಕಿಲ್ಲ.

ರಸಾಸ್ವಾದಕ್ಕೆ ಗಣಿತವನ್ನು ತಂದರೆ ಸಂತೋಷವೇ ಸಾಯುವುದೆಂದು ಕೆಲವರು ಆಕ್ಷೇಪಿಸಬಹುದು. ನಮ್ಮ ನಾಡಿನ ಕಾಫಿಯೇ ಇದಕ್ಕೆ ಉತ್ತರ. ಕಾಫಿಯ ಬಟ್ಟಲುಪರೀಕ್ಷೆಯಲ್ಲಿ ಪರೀಕ್ಷಕರು ಒಂದೇ ಅಳತೆಯ ಪುಡಿ, ಒಂದೇ ಉಷ್ಣಮಾನದ ನೀರು ಎಂಬ ಕಟ್ಟುನಿಟ್ಟಿನಲ್ಲಿ ಸೊರ್ರೆಂದು ಹೀರಿ ಬೆಲೆ ಕಟ್ಟುತ್ತಾರೆ. ಅದರಿಂದ ಬೆಳಗಿನ ಕಾಫಿಯ ಸೊಗಸು ಯಾರಿಗೂ ಕಡಿಮೆಯಾಗಿಲ್ಲ. ೧೯೫೦ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಆಹಾರದ ಸಂವೇದನೆಯನ್ನೇ ಶಾಸ್ತ್ರವಾಗಿ ಅಭ್ಯಸಿಸುವವರಿದ್ದಾರೆ. ಅಂತಹ ವಿದ್ಯೆ ಇಷ್ಟು ಸಮೀಪದಲ್ಲಿರುವಾಗ ಪಬ್ಬುಗಳು ಜಾಹೀರಾತಿನ ಮಾತನ್ನೇ ನೆಚ್ಚಿಕೊಳ್ಳುವುದು ಶೋಚನೀಯ.

ನಮ್ಮವರಿಗೆ ಇನ್ನೊಂದು ಅನುಕೂಲವುಂಟು. ಅದು ನಮ್ಮ ಭಾಷೆ. ಬೀರಿನ ಪರೀಕ್ಷೆಯಲ್ಲಿ ಹೊಸಬರು ಬಹುವಾಗಿ ಎಡವುವುದು ಕಹಿಗೂ ಒಗರಿಗೂ ಇರುವ ಭೇದದಲ್ಲಿ. ಕಹಿಯು ಹಾಪ್‌ನಿಂದ ಬರುವ ರುಚಿ. ಒಗರು ರುಚಿಯೆನ್ನುವುದಕ್ಕಿಂತ ಸ್ಪರ್ಶವೆನ್ನಬೇಕು. ಟ್ಯಾನಿನ್ನುಗಳು ಜೊಲ್ಲಿನ ಪ್ರೋಟೀನುಗಳನ್ನು ಗರಣೆಗಟ್ಟಿಸಿ ಬಾಯನ್ನು ಒಣಗಿಸುತ್ತವೆ. ಕಾಳಿನ ಹೊಟ್ಟನ್ನು ಅತಿಯಾದ ಬಿಸಿನೀರಿನಲ್ಲಿ ತೊಳೆದರೆ ಬೀರಿಗೆ ಈ ದೋಷ ಬರುವುದು. ಎಳೆಯ ಬಾಳೆಕಾಯಿಯನ್ನೂ ಅಡಕೆಯನ್ನೂ ನೆಲ್ಲಿಕಾಯಿಯನ್ನೂ ಬಲ್ಲ ನಮ್ಮ ಹಳ್ಳಿಯ ಮಗುವಿಗೆ ಈ ಭೇದವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಮಟು, ಮುಗ್ಗಲು, ಹಳಸಲು, ಘಾಟು, ಕನರು, ಸೀದುದು ಎಂದು ಒಂದೊಂದು ವಾಸನೆಗೂ ಪದವುಳ್ಳ ನಾವು, ಎಂದೂ ತಿನ್ನದ ಪರದೇಶದ ಹಣ್ಣುಗಳ ಹೆಸರನ್ನು ಎರವು ತಂದು ಬೀರನ್ನು ಬಣ್ಣಿಸುವುದು ಏಕೆ? ರಾಗಿಯ ವಿಷಯದಲ್ಲಂತೂ ಇದು ಅತ್ಯಗತ್ಯ. ರಾಗಿಯ ಮೊಳಕೆಯಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಚೆನ್ನಾಗಿವೆ. ಸಿಕ್ಕಿಂ, ನೇಪಾಳಗಳಲ್ಲಿ ರಾಗಿಯನ್ನು ಹುದುಗಿಸಿ ತೋಂಗ್ಬಾ ಎಂಬ ಪಾನೀಯವನ್ನು ಬಹುಕಾಲದಿಂದ ಮಾಡುತ್ತ ಬಂದಿದ್ದಾರೆ. ಇಲ್ಲಿ ರಾಗಿಯಿಂದ ಬೀರು ಮಾಡುವವರು ಅದನ್ನು ಬವೇರಿಯದ ಮಾದರಿಗೆ ಹೋಲಿಸಿ ಅಳೆದರೆ ರಾಗಿಗೂ ನ್ಯಾಯವಾಗದು, ಬವೇರಿಯಕ್ಕೂ ಆಗದು. ಅದರ ಸಹಜವಾದ ಗುಣವಾವುದು, ದೋಷವಾವುದು ಎಂಬುದನ್ನು ರಾಗಿಯನ್ನು ಬಲ್ಲವರೇ ಕುಳಿತು ಗೊತ್ತುಮಾಡಬೇಕು.

ಆದುದರಿಂದ ನಮ್ಮ ಸಲಹೆ ಇಷ್ಟೆ. ಪ್ರತಿಯೊಂದು ಬ್ರೂಪಬ್ಬೂ ತನ್ನ ಬೀರನ್ನು ಕುದಿಸಿದ ದಿನವನ್ನೂ ತೊಟ್ಟಿಯಿಂದ ಇಳಿಸಿದ ದಿನವನ್ನೂ ಗಿರಾಕಿಗಳಿಗೆ ಕಾಣುವಂತೆ ಬರೆದಿಡಲಿ. ತಿಂಗಳಿಗೊಮ್ಮೆ ಹನ್ನೆರಡು ಮಂದಿಯನ್ನು ಕೂಡಿಸಿ, ಹಿಂದಿನ ತಿಂಗಳ ಬೀರಿಗೂ ಈ ತಿಂಗಳದಕ್ಕೂ ತ್ರಿಕೋನ ಪರೀಕ್ಷೆಯನ್ನು ನಡೆಸಲಿ. ಫಲವು ಪ್ರತಿಕೂಲವಾದರೂ ಗೋಡೆಯ ಮೇಲೆ ಹಚ್ಚಲಿ. ಅಂಕ ಕೊಡುವವರು ಅಂಕದ ಪಕ್ಕದಲ್ಲಿ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಲಿ. “ಏಳು” ಎಂಬ ಅಂಕದಿಂದ ತಯಾರಕನು ಏನನ್ನೂ ಕಲಿಯಲಾರ. “ಬೆಣ್ಣೆಯ ವಾಸನೆಯಿದೆ” ಎಂಬ ಸಾಲನ್ನು ಓದಿದರೆ ಮುಂದಿನ ಬಾರಿ ಎರಡು ದಿನ ಹೆಚ್ಚು ಕಾದಾನು.