ಇಂಗ್ಲಿಷ್ ಬಟನ್ ಒತ್ತಿದರೆ ಮುಗೀತಾ?

"ಹೋಗೋ ಮುಂಚೆ ಸ್ವಲ್ಪ ಓದ್ಕೊಂಡು ಹೋಗ್ಬೇಕಪ್ಪಾ."

ಟೋಕಿಯೋದ ಟಿಕೆಟ್ ಮಷೀನಿನ ಮುಂದೆ ನಾನು ಪಟ್ಟ ಪಾಡು ಹೇಳಿಕೊಂಡಾಗೆಲ್ಲ ಗೆಳೆಯರಿಂದ ಬರುವ ಉತ್ತರ ಇದೊಂದೇ. ಜಪಾನ್ ಅಂದ್ರೆ ಶಿಸ್ತು, ಜಪಾನ್ ಅಂದ್ರೆ ಅಚ್ಚುಕಟ್ಟು. ಹಾಗಾಗಿ ತಪ್ಪೇನಿದ್ದರೂ ನಿಂದೇ. ಈ ಮಾತನ್ನು ನಾನು ಒಪ್ಪೋದಿಲ್ಲ.

ಆದದ್ದಿಷ್ಟು. ಬೆಳಗ್ಗೆ ಎಂಟೂವರೆ. 'ಇಂಗ್ಲಿಷ್' ಬಟನ್ ಒತ್ತಿದೆ, ಪರದೆ ಇಂಗ್ಲಿಷಾಯಿತು. ಆದರೆ ಎಲ್ಲಿಗೆ ಹೋಗಬೇಕು ಅಂತ ಅದು ಕೇಳಲೇ ಇಲ್ಲ. ಬರೀ ಅಂಕಿಗಳು, ಇಷ್ಟಿಷ್ಟು ಯೆನ್ ಅಂತ. ಕ್ರೆಡಿಟ್ ಕಾರ್ಡ್ ತೂರಿಸೋ ಜಾಗ ಹುಡುಕಿದೆ, ಇರಲಿಲ್ಲ. ಹಿಂದೆ ತಮ್ಮ ಕಾರ್ಡಿಗೆ ದುಡ್ಡು ತುಂಬಲು ಬಂದ ಐದಾರು ಜನ. ಯಾರೂ ಗೊಣಗಲಿಲ್ಲ, ಅದೇ ಇನ್ನೂ ಹಿಂಸೆ.

ಲೆಕ್ಕ ಆಮೇಲೆ ಗೊತ್ತಾಯಿತು. ಮಷೀನಿನ ಮೇಲೆ ಗೋಡೆ ತುಂಬ ಒಂದು ನಕ್ಷೆ. ಅದರಲ್ಲಿ ಇಳಿಯುವ ಸ್ಟೇಷನ್ ಹುಡುಕಿ, ಪಕ್ಕದಲ್ಲಿರುವ ದರ ನೋಡಿ, ಆ ಮೊತ್ತದ ಬಟನ್ ಒತ್ತಬೇಕು. ಟಿಕೆಟ್ಟಿನಲ್ಲೂ ಹತ್ತಿದ ಸ್ಟೇಷನ್ ಮತ್ತು ಮೊತ್ತ ಅಷ್ಟೇ, ಇಳಿಯುವ ಊರಿನ ಹೆಸರಿಲ್ಲ. ಕಡಿಮೆ ದುಡ್ಡಿನ ಟಿಕೆಟ್ ತಗೊಂಡರೂ ಚಿಂತೆಯಿಲ್ಲ. ಇಳಿಯುವ ಕಡೆ ಗೇಟಿನ ಒಳಗೆ ಇನ್ನೊಂದು ಮಷೀನು ಇರುತ್ತೆ, ಬಾಕಿ ಅಲ್ಲಿ ಕಟ್ಟಬಹುದು. ಎಷ್ಟು ಉದಾರವಾದ ವ್ಯವಸ್ಥೆ! ಆದರೆ "ಗೊತ್ತಾಗದಿದ್ದರೆ ಅತಿ ಕಡಿಮೆ ದರದ್ದು ತಗೊಳ್ಳಿ, ಬಾಕಿ ಆಮೇಲೆ ಕೊಡಿ" ಅನ್ನೋ ಒಂದು ಸಾಲು ನನ್ನ ಇಂಗ್ಲಿಷ್ ಪರದೆಯಲ್ಲಿ ಇರಲಿಲ್ಲ.

ಅನುವಾದ ಆಗಿದ್ದು ಪದಗಳು ಮಾತ್ರ. ಅದರ ಹಿಂದಿನ ಲೆಕ್ಕಾಚಾರ ಜಪಾನಿಯಲ್ಲೇ ಉಳೀತು. ದೂರದ ಎಕ್ಸ್‌ಪ್ರೆಸ್ ರೈಲುಗಳದ್ದೂ ಇದೇ ಕಥೆ: ಪ್ರಯಾಣದ ಟಿಕೆಟ್ ಬೇರೆ, ಎಕ್ಸ್‌ಪ್ರೆಸ್ ಟಿಕೆಟ್ ಬೇರೆ. ಎರಡೂ ಬೇಕು ಅಂತಲೇ ಗೊತ್ತಿಲ್ಲದವನಿಗೆ ಎರಡರ ಇಂಗ್ಲಿಷ್ ಹೆಸರು ಕಟ್ಟಿಕೊಂಡು ಏನಾಗಬೇಕು?

"ಸುಯಿಕಾ ಕಾರ್ಡ್ ತಗೊಂಡಿದ್ರೆ ಆಗ್ತಿತ್ತಲ್ಲ" ಅನ್ನೋರು ಇದನ್ನೂ ಕೇಳಿ. ಚಿಪ್ ಕೊರತೆಯಿಂದ 2023ರ ಜೂನ್‌ನಲ್ಲಿ ಹೆಸರು ನೋಂದಾಯಿಸದ ಸುಯಿಕಾ, ಪಾಸ್ಮೋ ಕಾರ್ಡುಗಳ ಮಾರಾಟ ನಿಂತಿತು. ಮತ್ತೆ ಶುರುವಾದದ್ದು 2025ರ ಮಾರ್ಚ್‌ನಲ್ಲಿ. ಏರ್‌ಪೋರ್ಟಿನಲ್ಲಿ ಪ್ರವಾಸಿಗರ ಕಾರ್ಡು, ಐಫೋನಿನಲ್ಲಿ ಸುಯಿಕಾ ಇತ್ತು, ನಿಜ. ಆದರೆ ನಮ್ಮಲ್ಲಿ ಕೊಂಡ ಆಂಡ್ರಾಯ್ಡ್ ಫೋನಿಗೆ ಆ ಭಾಗ್ಯ ಸಾಮಾನ್ಯವಾಗಿ ಇಲ್ಲ. ಈ ನಡುವೆ, 2024 ಒಂದೇ ವರ್ಷ, ಜಪಾನಿಗೆ ಬಂದ ವಿದೇಶಿಯರು 3.6 ಕೋಟಿಗೂ ಹೆಚ್ಚು. ಅಷ್ಟೂ ಜನ ದಡ್ಡರಾ?

"ಕೌಂಟರಲ್ಲಿ ಕೇಳ್ಬೇಕಿತ್ತು" ಅಂತೀರಾ? ಜೆಆರ್ ಈಸ್ಟ್ ಕಂಪನಿ ತನ್ನ 440 ಟಿಕೆಟ್ ಕೌಂಟರುಗಳನ್ನು 2025ರ ಹೊತ್ತಿಗೆ ಸುಮಾರು 140ಕ್ಕೆ ಇಳಿಸುವುದಾಗಿ 2021ರಲ್ಲಿ ಹೇಳಿತು. ಉಳಿದ ಕೌಂಟರುಗಳ ಮುಂದೆ ಕ್ಯೂ ಬೆಳೀತು. 2024ರ ಮೇ ತಿಂಗಳಲ್ಲಿ ಆ ಕಡಿತವನ್ನೇ ತಡೆಹಿಡಿಯಬೇಕಾಯಿತು. ಮಷೀನು ಇಟ್ಟ ಮಾತ್ರಕ್ಕೆ ಮನುಷ್ಯನ ಜಾಗ ತುಂಬೋದಿಲ್ಲ ಅನ್ನೋಕೆ ಇನ್ನೇನು ಸಾಕ್ಷಿ ಬೇಕು?

ನನ್ನನ್ನು ಕಾಪಾಡಿದ್ದೂ ಮನುಷ್ಯನೇ. ಸಹಾಯದ ಬಟನ್ ಒತ್ತಿದೆ. ಮಷೀನಿನ ಪಕ್ಕದ ಪುಟ್ಟ ಕಿಂಡಿ ತೆರೆದು ಸಿಬ್ಬಂದಿಯೊಬ್ಬರು ತಲೆ ಹೊರಹಾಕಿದರು. ಅವರಿಗೆ ಇಂಗ್ಲಿಷ್ ಬರ್ತಿರಲಿಲ್ಲ, ನನಗೆ ಜಪಾನಿ ಬರ್ತಿರಲಿಲ್ಲ. ಊರಿನ ಹೆಸರು ಹೇಳಿದೆ. ಬೆರಳನ್ನು ಮೊದಲು ನಕ್ಷೆಯತ್ತ ತೋರಿಸಿದರು, ಆಮೇಲೆ ಬಟನ್ನಿನತ್ತ. ಅರ್ಧ ನಿಮಿಷದ ಕೆಲಸ.

ಇದನ್ನು ಓದುತ್ತಿರುವ ನಮ್ಮಲ್ಲಿ ಎಷ್ಟೋ ಜನ ಹೊಟ್ಟೆಪಾಡಿಗೆ ಇಂಥ ಪರದೆಗಳನ್ನೇ ಕಟ್ಟುವವರು. ಕೊನೇ ವಾರದಲ್ಲಿ ಪದಗಳನ್ನಷ್ಟೇ ಅನುವಾದಕ್ಕೆ ಕಳಿಸಿ, ಆ್ಯಪ್‌ಗೆ 'ಕನ್ನಡ' ಬಟನ್ ಅಂಟಿಸಿ ಕೈ ತೊಳೆದುಕೊಳ್ಳುವವರು. ದೂರು ಬಂದರೆ "ಯೂಸರ್ ಎರರ್" ಅಂತ ಬರೆದು ಮುಚ್ಚುವವರು. ಮುಂದಿನ ಸಲ ಹಾಗೆ ಬರೆಯುವ ಮುಂಚೆ ಒಮ್ಮೆ ಆ ಮಷೀನಿನ ಮುಂದೆ, ಬೆನ್ನ ಹಿಂದೆ ಐದಾರು ಜನರನ್ನು ಇಟ್ಟುಕೊಂಡು, ನಿಂತು ನೋಡಿ.